ಮೂರನೆಯ ಬಾಟಲಿ

ಮೂರು ಬಾಟಲಿ ಎಣ್ಣೆಗೆ ನಾನು ಕೊಟ್ಟದ್ದು ಹದಿನೆಂಟು ರೂಪಾಯಿ, ಆಗ ನಡೆಯುತ್ತಿದ್ದ ನಿಜಾಮರ ಹಾಲಿ ಸಿಕ್ಕಾ ನಾಣ್ಯದಲ್ಲಿ. ದೊಡ್ಡ ಯುದ್ಧ ಶುರುವಾಗುವ ಮುಂಚಿನ ಮಾತು. ಅಫಜಲಪುರದ ಸಂತೆಯಲ್ಲಿ ಎಣ್ಣೆಯವನು ಎರಡು ಬಾಟಲಿಗೆ ಹೇಳಿದ ಬೆಲೆ ಅದು. ಅಷ್ಟಕ್ಕೇ ಮೂರು ಕೊಡಿಸಿಕೊಂಡು ಮೀಸೆ ತಿರುವಿಕೊಂಡು ಬಂದೆ. ಅಕ್ಕನ ಮೊಣಕಾಲು ನೋವಿಗೆ ತಂದದ್ದು.

ಅಪ್ಪ ಅವ್ವ ತೀರಿಕೊಂಡ ಮೇಲೆ ಮಾದನಹಿಪ್ಪರಗಾದಲ್ಲಿ ನನ್ನನ್ನು ಸಾಕಿದವಳು ಅಕ್ಕ. ಗಂಡ ಸತ್ತು ತವರಿಗೆ ಬಂದವಳು. ಮಂದಿಯ ಮನೆಯ ಜೋಳ ತಂದು ಬೀಸಿ ಕೊಡುತ್ತಿದ್ದಳು. ಒಂದು ಕಾಲು ಮಡಚಿ, ಒಂದು ಕಾಲು ಚಾಚಿ ಬೀಸುಕಲ್ಲಿನ ಗೂಟ ಹಿಡಿದಳೆಂದರೆ ಬುಟ್ಟಿ ಬರಿದಾಗುವ ತನಕ ಏಳುತ್ತಿರಲಿಲ್ಲ. ನಾನು ತಲೆಯ ಮೇಲೆ ಹೊತ್ತು ಮಾರಿದ ಮೊದಲ ಬೆಲ್ಲ ಆ ಕೂಲಿಯಲ್ಲೇ ಬಂದದ್ದು. ಮುಂದೆ ಆಳಂದದಲ್ಲಿ ತೊಗರಿ ಅಂಗಡಿ ಇಟ್ಟೆ, ಮನೆಗೆ ಆಳು ಬಂದರು. ಆದರೂ ಅವಳು ಕಲ್ಲು ಬಿಡಲಿಲ್ಲ. “ಮಂದಿ ಬೀಸಿದ ಹಿಟ್ಟಿಗೆ ಜಿಗಿ ಇರಂಗಿಲ್ಲೋ, ರೊಟ್ಟಿ ಹರೀತಾವ” ಅನ್ನುವಳು.

ಐವತ್ತು ದಾಟುವಷ್ಟರಲ್ಲಿ ಮೊಣಕಾಲು ಬಾತು, ಎದ್ದರೆ ಕಟಕಟ ಅನ್ನತೊಡಗಿತು. ಅವಳು ಕೇಳಿದ್ದು ಒಂದೇ: “ಯಾರ ಕೈನೂ ಹಿಡೀದಂಗ ಎದ್ದು ಹೊರಗ ಹೋಗಿ ಬರಂಗ ಆದ್ರ ಸಾಕಪ್ಪ.”

ಯಡ್ರಾಮಿಯಲ್ಲಿ ಬೀಗರ ಮನೆಯ ಮದುವೆ ಮುಗಿಸಿ ಬರುವಾಗ ಅಕ್ಕನನ್ನು ಜೇವರ್ಗಿಯ ಡಾಕ್ಟರೊಬ್ಬರಿಗೆ ತೋರಿಸಿದೆ. ಅವರು ಕಾಲು ಮಡಚಿ, ಬಿಡಿಸಿ ನೋಡಿದರು.

“ಸಾಹುಕಾರ್ರ, ಕೀಲು ಸವದದ. ಸವದದ್ದು ತಿರುಗಿ ಬರಂಗಿಲ್ಲ, ನೋವು ಇಳಸಬೌದು. ನೆಲಕ್ಕ ಕೂಡಸಬ್ಯಾಡ್ರಿ. ಬೀಸೂದು ಕಡಿಮಿ ಆಗ್ಲಿ. ಬೀಸಿದ್ರ ಕಲ್ಲನ್ನ ಒಂದು ಕಟ್ಟಿ ಮ್ಯಾಲ ಇಟ್ಟು, ಎತ್ತರದ ಮ್ಯಾಲ ಕುಂತು ಬೀಸ್ಲಿ. ದಿನಾ ಒಂದಿಷ್ಟು ನಡೀಲಿ.”

“ದವಾ?” ಅಂದೆ.

“ಇದೇ ದವಾರಿ.”

ಹೊರಗೆ ಬಂದು ನಕ್ಕುಬಿಟ್ಟೆ. “ನೋಡಕ್ಕ, ಪುಗಸಟ್ಟೆ ಮಾತು ಹೇಳಿ ಕಳಿಸ್ಯಾನ!”

ಅಕ್ಕನಿಗೂ ನಾಚಿಕೆ. “ಗಂಡಸರು ನೆಲದ ಮ್ಯಾಲ, ನಾ ಎತ್ತರದ ಮ್ಯಾಲ ಕೂಡ್ಲೇನು? ಮಂದಿ ಏನಂದಾರು?”

ಮನೆಯ ಯಜಮಾನ ನಾನು. ‘ಕೂಡಕ್ಕ’ ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಬೆಲೆಯಿಲ್ಲದ್ದರಲ್ಲಿ ಗುಣ ಇರುತ್ತದೆಂದು ನನ್ನ ವ್ಯಾಪಾರದ ತಲೆಗೆ ಹೊಳೆಯಲೇ ಇಲ್ಲ.

ಮರುತಿಂಗಳು ಆ ಎಣ್ಣೆ ತಂದೆ. ತಿಂಗಳಿಗೊಂದು ಬಾಟಲಿ ಹಚ್ಚಿ, ಮೇಲೆ ಎಕ್ಕೆಯ ಎಲೆ ಕಟ್ಟಬೇಕು, ಎಣ್ಣೆ ಮುಗಿಯುವ ತನಕ ಕಾಲು ನೆಲಕ್ಕೆ ಊರಬಾರದು ಎಂದಿದ್ದ ಎಣ್ಣೆಯವನು. ಅಕ್ಕನನ್ನು ಹೊರಸಿನ ಮೇಲೆ ಮಲಗಿಸಿದೆ. ಮೊದಲ ತಿಂಗಳು ನೋವು ಇಳಿಯಿತು. ಎರಡನೆಯ ಬಾಟಲಿ ಮುಗಿದ ದಿನ ಅವಳು ಕಾಲು ಕೆಳಗೆ ಬಿಟ್ಟಳು.

“ಲೇ ತಮ್ಮಾ, ಸಾಕೋ, ಏಳ್ತೀನಿ. ಕಾಲು ನನ್ನವಲ್ಲ ಅನ್ನಂಗ ಆಗ್ಯಾವ.”

“ಇನ್ನೊಂದು ಬಾಟ್ಲಿ ಉಳದದಲ್ಲಕ್ಕ. ಅದನ್ನೇನು ಚೆಲ್ಲಲೇನು?”

“ಹೂಂ, ನಿನ್ನ ಚೌಕಾಸಿ ನನ್ನ ಕಾಲಿಗಿ ಬಂತು ನೋಡು” ಎಂದು ನಗುತ್ತಲೇ ಕಾಲು ಮೇಲೆತ್ತಿಕೊಂಡಳು.

ಮೂರನೆಯದು ಮುಗಿದ ಮೇಲೆ ಎಬ್ಬಿಸಿದರೆ ಎರಡು ಹೆಜ್ಜೆಗೆ ಗೋಡೆಗೆ ವಾಲಿದಳು. ತೊಡೆ ಬತ್ತಿ ನನ್ನ ಮುಂಗೈಯಷ್ಟಾಗಿತ್ತು, ಮೊಣಕಾಲು ಮರಗಟ್ಟಿತ್ತು. ಆಮೇಲೆ ಕಟ್ಟೆ ಕಟ್ಟಿಸಿದೆ, ಕಲ್ಲು ಮೇಲಿಟ್ಟೆ, ಎತ್ತರದ ಮಣೆ ಮಾಡಿಸಿದೆ. ಅದರ ಮೇಲೆ ಕೂತು ನಾಲ್ಕು ಸುತ್ತು ಬೀಸಿದಳು. ಕಲ್ಲು ತಿರುಗಿತು, ಆದರೆ ಇಳಿಯಲು ನನ್ನ ಕೈ ಬೇಕಾಯಿತು. ಸಾಯುವ ತನಕ ಬೇಕೇ ಆಯಿತು. ಬೆಳಗಾದರೆ ಕರೆಯುತ್ತಲೂ ಇರಲಿಲ್ಲ. ಸುಮ್ಮನೆ ಕೈ ಚಾಚುತ್ತಿದ್ದಳು. ಒಂದೊಂದು ದಿನ ಅಂಗಡಿಯ ಗಡಿಬಿಡಿಯಲ್ಲಿ ಆ ಕೈಯನ್ನು ತಡವಾಗಿ ನೋಡಿದ್ದೂ ಉಂಟು.

ನಿಮ್ಮ ಮನೆಯಲ್ಲಿ ಮೊಣಕಾಲು ಸವೆದವರಿದ್ದರೆ ನನ್ನ ಮಾತು ಕೇಳಿರಿ. ನೋವೆಂದು ತಿಂಗಳುಗಟ್ಟಲೆ ಮಲಗಿಸಬೇಡಿ. ಅಂಗಳದಲ್ಲಾದರೂ ದಿನವೂ ಅಡ್ಡಾಡಲಿ. ಕೂತಲ್ಲೇ ಕಾಲನ್ನು ನೆಟ್ಟಗೆ ಮಾಡಿ, ಹತ್ತು ಎಣಿಸುವ ತನಕ ಹಿಡಿದು ಇಳಿಸಲಿ. ಕೋಲನ್ನು ನೋವಿಲ್ಲದ ಕಡೆಯ ಕೈಗೆ ಕೊಡಿ. ಎಣ್ಣೆ ಹಚ್ಚುವುದಿದ್ದರೆ ಹಚ್ಚಿ, ಬಿಸಿನೀರಿನ ಕಾವು ಕೊಡಿ. ಎಣ್ಣೆಯೇ ಸವೆದ ಕೀಲನ್ನು ತಿರುಗಿ ಕೊಡುತ್ತದೆ ಎನ್ನುವವನ ಸಂಗಡ ಚೌಕಾಸಿಗೂ ನಿಲ್ಲಬೇಡಿ. ಎತ್ತರದ ಮಣೆ ಇವತ್ತೇ ಮಾಡಿಸಿ. ಹೆಂಗಸರು ತಾವಾಗಿ ಅದರ ಮೇಲೆ ಕೂಡುವುದಿಲ್ಲ. ನೀವು ಎದುರಿಗೆ ನೆಲದ ಮೇಲೆ ಕೂತು, ಅವರನ್ನು ಮೇಲೆ ಕೂಡಿಸಿರಿ.