ಇಂಗಿನ ವಾಸನೆಯ ಕ್ಯಾಸೆಟ್ಟು

ಇಂಗಿನ ವಾಸನೆ ಬರುವ ಕ್ಯಾಸೆಟ್ಟು ಈ ಭೂಮಂಡಲದಲ್ಲಿ ಒಂದೇ ಒಂದು ಇರಬೇಕು. ಅದು ನಮ್ಮ ಮನೆಯಲ್ಲಿದೆ. ಕಳೆದ ಶನಿವಾರ ಮಧ್ಯಾಹ್ನ ಗ್ಯಾರೇಜಿನ ಪೆಟ್ಟಿಗೆಯಿಂದ ತೆಗೆದಾಗ ಮೊದಲು ಆ ವಾಸನೆ ಬಂತು. ಅದರ ಹಿಂದೆಯೇ ಅದನ್ನು ಕೊಟ್ಟ ಹಿರಿಯರು ನೆನಪಿಗೆ ಬಂದರು.

ಹುಡುಕಿಸಿದವಳು ಮಗಳು. ಫ್ರೀಮಾಂಟಿನ ಹಳೇ ರೆಕಾರ್ಡಿನ ಅಂಗಡಿಯಿಂದ ಒಂದು ಎಲ್‌ಪಿ ತಂದು ನನ್ನ ಮೂಗಿಗೆ ಹಿಡಿದಳು. ರಟ್ಟಿನ ಮೇಲೆ ಗಿಟಾರು ಹಿಡಿದ ಒಬ್ಬ ತರುಣ.

"ಅಪ್ಪಾ, ಲುಕ್ ಅಟ್ ದಿ ಐಸ್. ಡಬ್ಬಿ ತಾತ ಅಲ್ವಾ?"

ಅವರೇ. ಇಲ್ಲಿಯ ದಕ್ಷಿಣದ ರಾಜ್ಯ ಜಾರ್ಜಿಯಾದ ಕಡೆಯವರು, ತಾವೇ ಹಾಡು ಕಟ್ಟಿ ಹಾಡುತ್ತಿದ್ದವರು, ಎರಡು ರೆಕಾರ್ಡು ಮಾಡಿ ಕಾಣೆಯಾದರು ಎಂದು ಅಂಗಡಿಯವನು ವಿವರಿಸಿದನಂತೆ. ಈಗಿನ ಹುಡುಗರು ಹುಡುಕಿಕೊಂಡು ಬಂದು ಕೇಳುತ್ತಾರಂತೆ. ಕೊನೆಗಾಲದಲ್ಲಿ ಮನೆಯಲ್ಲೇ ಒಂದಷ್ಟು ಟೇಪಿಗೆ ಹಾಡಿಟ್ಟಿದ್ದರಂತೆ, ಅದು ಮಾತ್ರ ಯಾರ ಕೈಗೂ ಸಿಕ್ಕಿಲ್ಲವಂತೆ.

ಕಾಣೆಯಾಗಿರಲಿಲ್ಲ. ಟೋಟೆಮ್ ಲೇಕಿನ ನಮ್ಮ ಹಳೆಯ ಅಪಾರ್ಟ್‌ಮೆಂಟಿನಲ್ಲಿ, ಗೋಡೆಯ ಆಚೆ ಬದಿಗೆ ಇದ್ದರು.

ನನ್ನ ಹೆಂಡತಿ ಮೊದಲ ಸಲ ಒಂದು ಸ್ಟೀಲ್ ಡಬ್ಬಿಯಲ್ಲಿ ಅವರಿಗೆ ಚಿತ್ರಾನ್ನ ಕೊಟ್ಟಳು. ಮರುದಿನ ಗೋಡೆಯ ಮೇಲೆ ಮೂರು ಸಲ ತಟ್ಟಿದ ಸದ್ದು. ಹೋಗಿ ನೋಡಿದರೆ ಬಾಗಿಲ ಹಿಡಿಗೆ ಡಬ್ಬಿಯ ಚೀಲ. ಒಳಗೆ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ! ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದೆಂಬುದು ಅವರ ಸೀಮೆಯಲ್ಲೂ ಶಾಸ್ತ್ರವಂತೆ. ಹೀಗೆ ಎರಡು ಪ್ರಾಚೀನ ನಾಗರಿಕತೆಗಳ ನಡುವೆ ಡಬ್ಬಿಯ ರಾಜತಾಂತ್ರಿಕ ಸಂಬಂಧ ಏರ್ಪಟ್ಟು ಮೂರು ವರ್ಷ ನಡೆಯಿತು. ಆಗ ಮಗಳಿಗೆ ಐದು ವರ್ಷ. ಡಬ್ಬಿ ತಾತ ಎಂದು ಹೆಸರಿಟ್ಟವಳು ಅವಳೇ.

ಒಂದು ದಿನ ಡಬ್ಬಿಯಲ್ಲಿ ಈ ಕ್ಯಾಸೆಟ್ಟು ಬಂತು. ಜೊತೆಗೊಂದು ಚೀಟಿ: ಇದೊಂದೇ ಇದೆ, ಕೇಳಿ. ಕಡಲೆಕಾಯಿ ಸಿಕ್ಕಿರಲಿಕ್ಕಿಲ್ಲ ಎಂದುಕೊಂಡೆವು. ನಾವು ಖಾಲಿ ಪಾತ್ರೆಗೆ ಒಂದು ಚಮಚ ಸಕ್ಕರೆ ಹಾಕಿ ಕೊಡುತ್ತೇವಲ್ಲ, ಹಾಗೆ. ಆ ಸಕ್ಕರೆಯ ರುಚಿ ನೋಡುವವರು ಯಾರು...

ವಾರದ ನಂತರ ಲಾಂಡ್ರಿ ರೂಮಿನಲ್ಲಿ ಸಿಕ್ಕರು. ಕೇಳಿದಿರಾ ಎಂದರು. ಬಹಳ ಚೆನ್ನಾಗಿದೆ ಎಂದೆ. ಯಾವುದು ಹಿಡಿಸಿತು ಎಂದರು. ಸುಳ್ಳು ಹೇಳುವವನು ಅಲ್ಲಿಗೆ ನಿಲ್ಲಬೇಕು. ನಾನು ನಿಲ್ಲಲಿಲ್ಲ. "ಎರಡನೇ ಸೈಡಿನ ಕೊನೆಯ ಹಾಡು," ಎಂದೆ.

ಅವರು ಬಟ್ಟೆ ಮಡಿಸುವುದನ್ನು ನಿಲ್ಲಿಸಿದರು.

"ಎರಡನೇ ಸೈಡು ಖಾಲಿ ಇದೆ. ಆ ಹಾಡು ಇನ್ನೂ ಬಂದಿಲ್ಲ." ದನಿ ತಗ್ಗಿಸಿ ಕೇಳಿದರು: "ನಿಮಗೆ ಆಗಲೇ ಕೇಳಿಸಿತಾ? ಹೇಗಿತ್ತು?"

ಹಂಗಿಸುತ್ತಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ನಿಜವಾಗಿ ಕೇಳುತ್ತಿದ್ದರು. ಒದ್ದೆ ಬಟ್ಟೆಯನ್ನೇ ಎತ್ತಿಕೊಂಡು ಹೊರಟೆ. "ಬಂದಾಗ ತಟ್ಟುತ್ತೇನೆ," ಎಂದರು ಹಿಂದಿನಿಂದ.

ಎರಡು ವಾರಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಡಬ್ಬಿ ನಮ್ಮಲ್ಲೇ ಉಳಿಯಿತು, ಒಳಗೆ ಕ್ಯಾಸೆಟ್ಟು. ಪಕ್ಕದಲ್ಲೇ ಇಂಗಿನ ಡಬ್ಬಿ.

ಮುಂದಿನ ವರ್ಷ ಊರಿನಿಂದ ಅಮ್ಮ ಬಂದಳು. ಮೊಮ್ಮಗಳಿಗಾಗಿ ಆರತಿ ಹಾಡುಗಳನ್ನು ಕ್ಯಾಸೆಟ್ಟಿಗೆ ಹಾಡಲು ಒಪ್ಪಿದಳು. ಅಮ್ಮ ಒಪ್ಪುವುದು ಗ್ರಹಣದಂತೆ. ಹಿಡಿದರೆ ಆಗಲೇ ಹಿಡಿಯಬೇಕು. ಮನೆಯಲ್ಲಿದ್ದ ಕ್ಯಾಸೆಟ್ಟು ಇದೊಂದೇ. ಯಾರೂ ಅಳಿಸಬಾರದೆಂದು ಡಬ್ಬಿ ತಾತ ಅದರ ಮೂಲೆಯ ಪುಟ್ಟ ತಡೆಯನ್ನು ಮುರಿದಿದ್ದರು. ಆ ತೂತಿಗೆ ಕಾಗದ ತುರುಕಿದರೆ ಮತ್ತೆ ರೆಕಾರ್ಡ್ ಆಗುತ್ತದೆಂಬ ವಿದ್ಯೆ ನಮ್ಮ ತಲೆಮಾರಿನಲ್ಲಿ ಯಾರಿಗೆ ಗೊತ್ತಿಲ್ಲ? ಎರಡನೇ ಸೈಡು ಖಾಲಿ ಇದ್ದದ್ದು ಆ ಅವಸರದಲ್ಲಿ ನೆನಪಾಗಲಿಲ್ಲ. ನಾನೇ, ನನ್ನ ಕೈಯಾರೆ, ತುರುಕಿದೆ.

ಶನಿವಾರ ಇಷ್ಟನ್ನೂ ಮಗಳಿಗೆ ಹೇಳಿದೆ.

"ಅಂದ್ರೆ ಅಜ್ಜಿ ಈಸ್ ಆನ್ ಟಾಪ್ ಆಫ್ ಹಿಮ್?" ಎಂದಳು. ಅವಳು ನಗಲಿಲ್ಲ.

ಹಳೆಯ ಟೇಪ್‌ರೆಕಾರ್ಡರಿನಲ್ಲಿ ಹಾಕಿದೆವು. ಅಮ್ಮ ಹಾಡಿದಳು. ಅವಳೂ ಹೋಗಿ ಒಂಬತ್ತು ವರ್ಷ... ಮೊದಲ ಹಾಡಿನ ನಡುವೆ ಹೆಂಡತಿ ಸೌಟು ಹಿಡಿದುಕೊಂಡೇ ಬಂದು ನಿಂತಳು.

"ರೀ, ಅತ್ತೆ ಯಾಕೆ ಅಲ್ಲಲ್ಲಿ ನಿಲ್ಲಿಸ್ತಿದಾರೆ?"

ಪ್ರತಿ ಸಾಲಿನ ಕೊನೆಗೂ ಅಮ್ಮ ತಡೆಯುತ್ತಿದ್ದಳು. ಆ ತೆರಪಿನಲ್ಲಿ, ನೀರಿನಡಿಯಿಂದ ಬಂದಂತೆ, ಗಿಟಾರು, ಗಂಡಸಿನ ದನಿ. ಹಳೆಯ ಯಂತ್ರ, ಸರಿಯಾಗಿ ಅಳಿಸಿರಲಿಕ್ಕಿಲ್ಲ ಎಂದು ಎಂಜಿನಿಯರನ ಗಾಂಭೀರ್ಯದಿಂದ ಘೋಷಿಸಿದೆ. ಆದರೆ ಜೀವಮಾನದಲ್ಲಿ ಯಾರಿಗೂ ಮಾತಿನ ಸರದಿ ಬಿಟ್ಟುಕೊಡದ ಅಮ್ಮ, ಆ ದನಿ ಮುಗಿಯುವ ತನಕ ಕಾದು ಕಾದು ಮುಂದಿನ ಸಾಲು ಎತ್ತಿಕೊಳ್ಳುತ್ತಿದ್ದಳು.

ಅವರ ಒಂದು ಪದವೂ ತಿಳಿಯಲಿಲ್ಲ. ಮಗಳು ಕಿವಿಯನ್ನು ಸ್ಪೀಕರಿಗೆ ಒತ್ತಿದಳು. ಆಮೇಲೆ ಸುಮ್ಮನೆ ಅತ್ತಳು.

ಎರಡನೇ ಸೈಡು ತಿರುಗಿಸಿದೆ. ಬರೀ ಸುಯ್‌ಗುಟ್ಟುವಿಕೆ. ಕ್ಯಾಸೆಟ್ಟು ಮುಗಿದು ಬಟನ್ ತಾನಾಗಿ ಮೇಲೆದ್ದಿತು. ಆಮೇಲೆ ಗೋಡೆಯ ಮೇಲೆ ಮೂರು ಸಲ ತಟ್ಟಿದ ಸದ್ದು.

"ಅಪ್ಪಾ... ಟೇಪ್ ನಿಂತಿದೆ," ಎಂದಳು ಮಗಳು.

ಈಗ ನಮ್ಮದು ಒಂಟಿ ಮನೆ. ಆ ಗೋಡೆಯ ಆಚೆ ಯಾರೂ ಇಲ್ಲ, ಬೇಲಿ ಮತ್ತು ಒದ್ದೆ ಹುಲ್ಲು. ಆದರೂ ಎದ್ದು ಹೋಗಿ ಗೋಡೆಗೆ ಕೈಯಿಟ್ಟು ನಿಂತೆ. ಲಾಂಡ್ರಿ ರೂಮಿನಲ್ಲಿ ಹೇಳಬೇಕಾಗಿದ್ದ ಮಾತನ್ನು, ಇಪ್ಪತ್ತು ವರ್ಷ ತಡವಾಗಿ, ಅವರಿಗೆ ಬಾರದ ಭಾಷೆಯಲ್ಲಿ ಹೇಳಿದೆ.

"ನಾನು ಕೇಳಿರ್ಲಿಲ್ಲ ಸಾರ್."

ಮತ್ತೆ ತಟ್ಟಲಿಲ್ಲ. ಅಡುಗೆಮನೆಯಲ್ಲಿ ಹೆಂಡತಿ ಆ ಸ್ಟೀಲ್ ಡಬ್ಬಿಯನ್ನು ತೊಳೆದು ಒರೆಸುತ್ತಿದ್ದಳು. ಒಂದು ಚಮಚ ಸಕ್ಕರೆ ಹಾಕಿ ಮುಚ್ಚಿಟ್ಟಳು.