ಕೊಬ್ಬಿನಲ್ಲಿ ಮಲಗಿರುವುದು

ಬೆಳಗು ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಪ್ರಯೋಗಾಲಯದ ಹಿಂದಿನ ಶೆಡ್ಡಿನಲ್ಲಿ ಒಬ್ಬಾಕೆ ಒಂದೊಂದೇ ಕೋಳಿಯನ್ನು ಕಂಕುಳಿಗೆ ಒತ್ತಿಕೊಂಡು, ಮೈ ಇಳಿದಿದೆಯೇ ಎಂದು ಎದೆಮೂಳೆ ತಡವುತ್ತಿದ್ದಾರೆ. ಕೆಂಪು ಜುಟ್ಟು, ಮಿರುಗುವ ಪುಕ್ಕ, ಚುರುಕು ಕಣ್ಣು. ಇವೆಲ್ಲ ತಿಂಗಳುಗಟ್ಟಲೆ ಕೀಟನಾಶಕ ಬೆರೆಸಿದ ಫೀಡ್ ತಿಂದಿವೆ ಎಂದರೆ ನಂಬುವುದು ಕಷ್ಟ.

"ನೋಡಿದ್ರೆ ಗೊತ್ತೇ ಆಗಲ್ಲ. ಅದಕ್ಕೇ ನಂಗೆ ಭಯ," ಎನ್ನುತ್ತಾರೆ ಆಕೆ. ಇಲ್ಲಿ ಎಲ್ಲರ ಬಾಯಲ್ಲೂ ಅವರು 'ಕೋಳಿಯಮ್ಮ'. ಗಂಡ ತೀರಿಕೊಂಡ ಮೇಲೆ ಸೇರಿದ ಕೆಲಸ. ತಲೆ ನೆರೆತದ್ದೂ ಇಲ್ಲೇ. ವಿಷದ ಫೀಡ್ ನಿಲ್ಲಿಸಿ ಶುದ್ಧವಾದದ್ದು ಹಾಕುವುದು, ಮೈಯಲ್ಲಿ ಇನ್ನೆಷ್ಟು ವಿಷ ಉಳಿದಿದೆ ಎಂಬ ಪರೀಕ್ಷೆಗಾಗಿ ಆಗಾಗ ಒಂದು ಕೋಳಿಯನ್ನು ಕೊಯ್ಯಲು ಒಪ್ಪಿಸುವುದು ಅವರ ಪಾಲಿನದು. ಮಾಂಸ, ಲಿವರ್‌ಗಳಲ್ಲಿ ಸೇರಿದ ವಿಷ ಬೇಗ ಇಳಿಯುತ್ತದೆ. ಕೊಬ್ಬು ಮಾತ್ರ ಜಪ್ಪಯ್ಯ ಎಂದರೂ ಬಿಡುವುದಿಲ್ಲ. ಅಲ್ಲಿರುವ ವಿಷ ಮೊಟ್ಟೆಯ ಹಳದಿಯ ಜೊತೆ ಚೂರುಚೂರೇ ಹೊರಬೀಳುತ್ತದೆ. ಆ ಮೊಟ್ಟೆಗಳನ್ನು ಸುಡುವವರೂ ಇವರೇ.

ಒಮ್ಮೆ ಕನಿಕರಕ್ಕೆ ಸಿಕ್ಕಿ, ಯಾರಿಗೂ ಹೇಳದೆ ಒಂದು ಗೂಡಿನ ಕೋಳಿಗಳಿಗೆ ಫೀಡ್ ಕಡಿಮೆ ಮಾಡಿದ್ದರಂತೆ. "ಕೊಬ್ಬು ಕರಗಿದ್ರೆ ವಿಷನೂ ಹೋಗುತ್ತೆ, ಕೊಯ್ಯೋದು ತಪ್ಪುತ್ತೆ ಅಂದ್ಕೊಂಡೆ. ಸ್ವಲ್ಪ ದಿನ ಆದ್ಮೇಲೆ ಒಂದು ಬೆಳಿಗ್ಗೆ ಬಂದು ನೋಡಿದ್ರೆ ಎಲ್ಲಾ ಕತ್ತು ತಿರುಚ್ಕೊಂಡು ನಡುಗ್ತಾ ಇದ್ವು. ಒಂದೂ ಕೂಗಲಿಲ್ಲ. ಕೊಬ್ಬಲ್ಲಿ ಮಲಗಿದ್ದು ಎದ್ದು ರಕ್ತಕ್ಕೆ ಬಂದ್ಬಿಟ್ಟಿತ್ತು."

ಕೆಲಸ ಮುಗಿಸಿದ ಅವರ ಜೊತೆ ಮನೆಗೆ ಹೋಗುತ್ತೇನೆ. ಒಂದೇ ಕೋಣೆ, ಕಿಟಕಿ ಪಕ್ಕದ ಮಂಚದಲ್ಲಿ ಮಗಳು. ಮದುವೆಯಾಗುವವರೆಗೂ ತಾಯಿಯ ಜೊತೆ ಬರಿಗೈಯಲ್ಲಿ ಅದೇ ಫೀಡ್ ಕಲಸಿದವಳು. ಈಗ ಬಸುರಿ. ಏನು ತಿಂದರೂ ವಾಂತಿ, ಭುಜದ ಎಲುಬು ಎದ್ದು ಕಾಣುತ್ತಿದೆ.

"ಅಮ್ಮ ದಿನಾ ನನ್ನ ಮೂಳೆನೂ ತಡವ್ತಾಳೆ. ಯಾವತ್ತು ಕೊಯ್ಯೋಕೆ ಕೊಡ್ತಾಳೋ," ಎಂದು ಮಗಳು ನಗುತ್ತಾಳೆ. ತಾಯಿ ನಗುವುದಿಲ್ಲ.

ಕೋಳಿಗಳಷ್ಟು ವಿಷ ಅವಳ ಮೈಯಲ್ಲಿ ಇರಲಾರದು ಎಂದು ಪ್ರಯೋಗಾಲಯದ ಡಾಕ್ಟರು ಸಮಾಧಾನ ಹೇಳಿದ್ದಾರೆ. "ಇರಲಾರದು ಅಂದ್ರು. ಇಲ್ಲ ಅನ್ನಲಿಲ್ಲ," ಎನ್ನುತ್ತಾ ಕೋಳಿಯಮ್ಮ ಗಂಜಿ ಬಟ್ಟಲನ್ನು ಮಗಳ ಮುಂದಿಡುತ್ತಾರೆ.

ನಿಮಗೇನು ಆಸೆ ಎಂದು ಕೇಳುತ್ತೇನೆ.

"ಇವ್ಳು ನಾಲ್ಕು ತುತ್ತು ತಿಂದು ದಕ್ಕಿಸ್ಕೊಂಡ್ರೆ ಸಾಕು. ಮೈ ತುಂಬ್ಕೊಂಡಿದ್ರೆ, ವಿಷ ಇದ್ರೂ ಅದು ಕೊಬ್ಬಲ್ಲಿ ಮಲಗೇ ಇರುತ್ತೆ. ಮಗು ಹುಟ್ಟೋವರೆಗೂ ಏಳ್ದೆ ಇರ್ಲಿ."

ಮಗಳು ಚಮಚ ಎತ್ತುತ್ತಾಳೆ. ಅದು ಸಣ್ಣಗೆ ನಡುಗುತ್ತದೆ. ನಾವಿಬ್ಬರೂ ಅದನ್ನೇ ನೋಡುತ್ತೇವೆ.

"ನಿಶ್ಶಕ್ತಿ ಕಣಮ್ಮ, ಅಷ್ಟೇ," ಎನ್ನುತ್ತಾಳೆ ಮಗಳು.