ಡಿಪೊ ಬೇಲಿಯ ಕಾರ್ತಿಕ ದೀಪ

ಚಿಕಾಗೊದಿಂದ ಐದು ಗಂಟೆ ದಾರಿಯ ವಿಕ್ಸಮ್ ಊರು ದಾಟಿ ಸ್ವಲ್ಪ ಮುಂದೆ ಬಂದರೆ ನಮ್ಮ ಬಡಾವಣೆ, ಇಲ್ಲಿನವರ ಮಾತಿನಲ್ಲಿ ಸಬ್‌ಡಿವಿಷನ್. ಅದರ ಬೆನ್ನಿಗೇ ಮಿಲಿಟರಿಯವರ ಒಂದು ಮದ್ದುಗುಂಡಿನ ಡಿಪೊ. ನಡುವೆ ಒಂದೇ ರಸ್ತೆ, ರಸ್ತೆಯುದ್ದಕ್ಕೂ ದೀಪದ ಕಂಬಗಳು. ನಾವು ಮನೆ ಕೊಂಡಾಗಿನಿಂದ ಅವುಗಳಲ್ಲಿ ಒಂದೂ ಉರಿದದ್ದನ್ನು ನಾನು ನೋಡಿರಲಿಲ್ಲ. ಬೆಳಕು ನಿಮ್ಮ ಮನೆಗಳ ಕಡೆ ಬೀಳುತ್ತದೆ, ಕರೆಂಟಿನ ಖರ್ಚು ನೀವು ಕೊಡಿ ಎಂದು ಡಿಪೊದವರು. ಕಂಬಗಳು ನಿಮ್ಮ ಬೇಲಿಗೆ ಅಂಟಿಕೊಂಡಿವೆ, ನೀವೇ ಕೊಡಿ ಎಂದು ನಮ್ಮ ಮನೆಮಾಲೀಕರ ಸಂಘ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಆ ಕೂಸು ನನ್ನ ಮಗಳು.

ಅವಳು ಹೈಸ್ಕೂಲಿನ ಓಟದ ತಂಡದಲ್ಲಿದ್ದಳು. ಪ್ರಾಕ್ಟೀಸ್ ಮುಗಿಸಿದವಳನ್ನು ಬಸ್ಸು ದೊಡ್ಡ ರಸ್ತೆಯ ಮೂಲೆಯಲ್ಲಿ ಇಳಿಸುತ್ತಿತ್ತು. ಅಲ್ಲಿಂದ ಡಿಪೊ ಬೇಲಿಯ ಪಕ್ಕದಲ್ಲೇ ಓಡಿ ಮನೆಗೆ ಬರಬೇಕು. ಚಳಿಗಾಲದಲ್ಲಿ ಇಲ್ಲಿ ಸಂಜೆಯೆಂಬುದೇ ಇರುವುದಿಲ್ಲ, ಕಾಫಿ ಲೋಟ ತೊಳೆದಿಡುವಷ್ಟರಲ್ಲಿ ಕತ್ತಲು. ಕಾರಿನಲ್ಲಿ ಕರೆದುಕೊಂಡು ಬರುತ್ತೇನೆ ಎಂದರೆ, "ಅಮ್ಮಾ, ಐಮ್ ಎ ರನ್ನರ್!" ಎಂದು ಮುಖ ಊದಿಸುತ್ತಿದ್ದಳು.

ನನ್ನಜ್ಜಿ ಹುಟ್ಟಿದ್ದು ಬೆಂಗಳೂರಿನ ದಂಡಿನ ಅಂಚಿನಲ್ಲಿ. ಇಂಗ್ಲಿಷರ ಕಾಲ. ಅಜ್ಜಿಯ ಮನೆಯ ಬೀದಿಯ ಒಂದು ಮಗ್ಗುಲು ಸಿವಿಲ್ ಸಾಹೇಬರದು, ಇನ್ನೊಂದು ಮಗ್ಗುಲು ಸೈನ್ಯದ್ದು. ಬೀದಿದೀಪದ ಖರ್ಚಿನಲ್ಲಿ ಯಾರ ಪಾಲು ಎಷ್ಟು ಎಂದು ಇಬ್ಬರೂ ವರ್ಷಗಟ್ಟಲೆ ಕಿತ್ತಾಡಿದರಂತೆ. "ಒಬ್ಬನೇ ರಾಜನ ಸಂಬಳ ತಿನ್ನೋರು, ಒಂದು ಬುಡ್ಡಿ ಎಣ್ಣೆಗೆ ನಾಯಿಗಳ ಥರ ಕಚ್ಚಾಡ್ತಿದ್ರು ಕಣೇ" ಎಂದು ಅಜ್ಜಿ ನಗುತ್ತಿದ್ದಳು. ಆ ಕತ್ತಲಲ್ಲಿ ಅವಳ ಅಣ್ಣ ಸೈನ್ಯದ ಕುದುರೆಗಾಡಿಯ ಚಕ್ರಕ್ಕೆ ಸಿಕ್ಕಿ ಸತ್ತದ್ದನ್ನು ಹೇಳುವಾಗ ಮಾತ್ರ ನಗುತ್ತಿರಲಿಲ್ಲ.

ಫೆಬ್ರವರಿಯ ಒಂದು ಸಂಜೆ ಒಂದು ಪಿಕಪ್ ಟ್ರಕ್ಕಿನ ಕನ್ನಡಿ ನನ್ನ ಮಗಳ ಬಲ ಭುಜಕ್ಕೆ ಬಡಿಯಿತು. ಟ್ರಕ್ಕು ನಿಲ್ಲಲಿಲ್ಲ. ಎಡಗೈಯಲ್ಲಿ ಫೋನ್ ಒತ್ತಿ ಅವಳೇ ನಮ್ಮನ್ನು ಕರೆದಳು. ನಾನೂ ನನ್ನ ಗಂಡನೂ ಓಡಿದಾಗ ಚರಂಡಿಯ ಹಿಮದಲ್ಲಿ ಬಿದ್ದಿದ್ದಳು. ಹಲ್ಲು ತುಟಿಯನ್ನು ತೂರಿಕೊಂಡು ಹೋಗಿತ್ತು. ಬಾಯಿ ತೆರೆದರೆ ರಕ್ತ, ಹಿಮದ ಮೇಲೂ ರಕ್ತ. ನಾನು ಪಕ್ಕದ ದೀಪದ ಕಂಬಕ್ಕೆ ಕಾಲಿನಿಂದ ಒದ್ದೆ. ನನ್ನ ಹೆಬ್ಬೆರಳಿನ ಉಗುರು ಕಿತ್ತುಬಂತೇ ಹೊರತು ಕಂಬಕ್ಕೇನೂ ಆಗಲಿಲ್ಲ.

ಭುಜ ಕೂಡಿಕೊಂಡಿತು, ಬೇಸಗೆಯಲ್ಲಿ ಮತ್ತೆ ಓಡಿದಳು. ದೀಪದ ಮಾತು ಕೂಡಿಕೊಳ್ಳಲಿಲ್ಲ. ಸಂಘದ ಮೀಟಿಂಗಿಗೆ ಡಿಪೊದ ಕ್ಯಾಪ್ಟನ್ನೂ ಬಂದಿದ್ದ. ಆದದ್ದಕ್ಕೆ ವಿಷಾದವಿದೆ, ಆದರೆ ಬೇಲಿಯ ಹೊರಗಿನ ಬೆಳಕಿಗೆ ನಮ್ಮ ಬಜೆಟ್ಟಿನಲ್ಲಿ ಜಾಗವಿಲ್ಲ ಎಂದ. ನಮಗೂ ವಿಷಾದವಿದೆ ಎಂದರು ಸಂಘದ ಅಧ್ಯಕ್ಷರು. ಹೀಗೆ ಇಬ್ಬರೂ ವಿಷಾದವನ್ನು ಸರಿಸಮವಾಗಿ ಹಂಚಿಕೊಂಡರು. ನಾನು ಕಾಫಿ ಫ್ಲಾಸ್ಕ್ ಎತ್ತಿ ಅವರಿಬ್ಬರ ನಡುವಿನ ಗೋಡೆಗೆ ಬೀಸಿದೆ. ಗಾಜು ಪುಡಿಯಾಯಿತು, ಬಿಸಿ ಕಾಫಿ ಕ್ಯಾಪ್ಟನ್ನನ ಅಂಗಿಗೆ ಸಿಡಿಯಿತು.

"ಸುಮ್ನೆ ಬಾರೆ, ಪೊಲೀಸ್ ಕರೀತಾರೆ," ಎಂದು ನನ್ನ ಗಂಡ ಮೊಣಕೈ ಹಿಡಿದು ಎಳೆದ.

"ಕರೀಲಿ! ನನ್ನ ಮಗಳು ಸತ್ಮೇಲೆ ಅರ್ಧರ್ಧ ಹಂಚ್ಕೋತಾರಂತಾ?"

ಕನ್ನಡದಲ್ಲೇ ಕಿರುಚಿದೆ. ಅವರಿಗೆ ಅರ್ಥವಾಗಲಿ ಎಂಬ ಆಸೆ ಆಗಲೇ ಬಿಟ್ಟುಹೋಗಿತ್ತು.

ಮತ್ತೆ ನವೆಂಬರ್ ಬಂತು, ಮತ್ತೆ ಕತ್ತಲು. ಕಾರ್ತಿಕ ಮಾಸ. ನೀವು ಹಚ್ಚದಿದ್ದರೆ ನಾನು ಹಚ್ಚುತ್ತೇನೆ ಎಂದು ಹಟ ಹಿಡಿದೆ. ಮಣ್ಣಿನ ಹಣತೆಯಾದರೆ ಗಾಳಿಗೆ ನಿಲ್ಲುವುದಿಲ್ಲ. ಆದ್ದರಿಂದ ಅಟ್ಟದಲ್ಲಿ ಕೂಡಿಟ್ಟ ಉಪ್ಪಿನಕಾಯಿ ಬಾಟಲಿಗಳನ್ನು ಇಳಿಸಿದೆವು. ಎಳ್ಳೆಣ್ಣೆ ತುಂಬಿದೆವು. ಗಂಡನ ಹಳೆಯ ಪಂಚೆ ಹರಿದು ದಪ್ಪ ಬತ್ತಿ ಹೊಸೆದು, ಬಾಯಿಂದ ಹೊರಗೆ ಇಣುಕುವಂತೆ ಸಿಕ್ಕಿಸಿದೆವು. ಮಗಳೂ ಕೂತು ಹೊಸೆದಳು. ಆ ಮಧ್ಯಾಹ್ನ ಮೂವರೂ ಎಷ್ಟು ಖುಷಿಯಾಗಿದ್ದೆವೆಂದರೆ, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕತ್ತಲಾಗುತ್ತಿದ್ದಂತೆ ಡಿಪೊ ಬೇಲಿಯ ಬುಡದಲ್ಲಿ ಒಂದೊಂದಾಗಿ ಹಚ್ಚುತ್ತ ಹೋದೆವು. ಮಗಳು ಎಲ್ಲರಿಗಿಂತ ಮುಂದೆ, ಕೈಯಲ್ಲಿ ಉರಿಯುವ ಬಾಟಲಿ. ಆಗ ಗೇಟಿನ ಕಡೆಯಿಂದ ಕೂಗು ಕೇಳಿತು.

"ಡ್ರಾಪ್ ಇಟ್! ಡ್ರಾಪ್ ಇಟ್ ನೌ!"

ಗಾಜಿನ ಬಾಟಲಿ, ಎಣ್ಣೆ, ಬಾಯಲ್ಲಿ ಉರಿಯುವ ಬಟ್ಟೆ, ಮದ್ದುಗುಂಡಿನ ಡಿಪೊದ ಬೇಲಿ. ಕಾವಲಿನ ಸೈನಿಕನ ಕಣ್ಣಿಗೆ ಅದು ಏನಾಗಿ ಕಂಡಿತೆಂದು ನನಗೆ ಹೊಳೆದದ್ದು ಆ ಕೂಗು ಕೇಳಿದ ಮೇಲೆ. "ಬಿಸಾಕೇ!" ಎಂದು ನಾನೂ ಕಿರುಚಿದೆ. ಅವಳು ಬಿಸಾಡಲಿಲ್ಲ. ಎರಡೂ ಕೈಯಲ್ಲಿ ಬಾಟಲಿ ಹಿಡಿದು, ಮೆಲ್ಲನೆ ಮಂಡಿಯೂರಿ, ಅದನ್ನು ನೆಲಕ್ಕೆ ಇಳಿಸತೊಡಗಿದಳು.

ಆ ಸೈನಿಕ ಓಡಿಬಂದು ಅವಳ ಮೈಮೇಲೆ ಬಿದ್ದ. ಬಾಟಲಿ ಅವಳ ಕೆಳಗೇ ಒಡೆಯಿತು. ಒಣಹುಲ್ಲು ಭಗ್ಗೆಂದಿತು. ಅವಳ ಬಲಗೈಯನ್ನು ಬೆನ್ನ ಹಿಂದಕ್ಕೆ ತಿರುಚಿ ಮಂಡಿಯಿಂದ ಒತ್ತಿದ, ಅದೇ ಭುಜ. ಮೂಳೆ ಮುರಿದ ಸದ್ದು ನಾನು ನಿಂತಲ್ಲಿಗೆ ಕೇಳಿತು. ನಾನು ಹೋಗಿ ಅವನ ಕತ್ತಿಗೆ ಉಗುರಿಟ್ಟು ಗೀರಿದೆ, ಕೈಗೆ ಸಿಕ್ಕಿದ ಕಿವಿ ಹಿಡಿದು ಎಳೆದೆ. ಇನ್ನೊಬ್ಬ ನನ್ನನ್ನು ನೆಲಕ್ಕೆ ಕೆಡವಿ ತಲೆಗೆ ಬಂದೂಕು ಹಿಡಿದ. ನನ್ನ ಗಂಡ ಎರಡೂ ಕೈ ಎತ್ತಿ ನಿಂತು, "ಇಟ್ಸ್ ಎ ಲ್ಯಾಂಪ್, ಇಟ್ಸ್ ಓನ್ಲಿ ಎ ಲ್ಯಾಂಪ್" ಎಂದು ಅಳುತ್ತಿದ್ದ. ಅವರ ಬೂಟುಗಳು ನಾವು ಹಚ್ಚಿದ ದೀಪಗಳನ್ನೆಲ್ಲ ಒಂದೊಂದಾಗಿ ತುಳಿದು ಆರಿಸಿದವು.

ಆಸ್ಪತ್ರೆಯಲ್ಲಿ ಅವಳ ಭುಜಕ್ಕೆ ತಗಡು, ಸ್ಕ್ರೂ ಕೂರಿಸಿದರು. ಹೊಟ್ಟೆಯ ಮೇಲೆ ಸುಟ್ಟಗಾಯ. ಎಚ್ಚರವಾದಾಗ ಕೇಳಿದೆ, "ಯಾಕೆ ಬಿಸಾಕ್ಲಿಲ್ಲ ಚಿನ್ನ? ನಾನೂ ಕೂಗಿದ್ನಲ್ಲ?"

"ಬಟ್ ಅಮ್ಮಾ, ಯೂ ಸೆಡ್ ನೆವರ್ ಡ್ರಾಪ್ ಎ ದೀಪ."

ಹೇಳಿದ್ದು ನಿಜ. ಅವಳು ಐದು ವರ್ಷದವಳಿದ್ದಾಗ ಹಬ್ಬಕ್ಕೆಂದು ಚಿಕಾಗೊ ಕಡೆ ಡ್ರೈವ್ ಮಾಡಿಕೊಂಡು ಹೋಗಿದ್ದೆವು. ಅಲ್ಲಿ ಲೆಮಾಂಟಿನ ದೇವಸ್ಥಾನದಲ್ಲಿ ದೀಪ ಹಚ್ಚುವಾಗ ಅವಳ ಕೈ ಜಾರಿತ್ತು. ಬೆನ್ನಿಗೊಂದು ಬಿಟ್ಟು ಹೇಳಿದ್ದೆ, ಹಚ್ಚಿದ ದೀಪವನ್ನು ಯಾರೇನೇ ಅಂದರೂ ಕೈಬಿಡಬಾರದು, ಮನೆಗೆ ಕೇಡು. ಬಂದೂಕು ಹಿಡಿದವನ ಮಾತಿಗಿಂತ ನನ್ನ ಹಳೆಯ ಮಾತು ಅವಳಿಗೆ ಹೆಚ್ಚಾಗಿತ್ತು. ನಾನು ಆಸ್ಪತ್ರೆಯ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಒಂದು ವಾರವೂ ಆಗಿರಲಿಲ್ಲ, ಕ್ಯಾಪ್ಟನ್ನೂ ಅಧ್ಯಕ್ಷರೂ ಒಂದೇ ಹೂಗುಚ್ಛ ಹಿಡಿದು ಮನೆಗೆ ಬಂದರು. ನಮ್ಮ ಮೇಲೆ ಕೇಸು ಗೀಸು ಏನೂ ಇಲ್ಲ ಎಂದರು. ದೀಪದ ಖರ್ಚು ಅರ್ಧ ಅವರದು, ಅರ್ಧ ಇವರದು ಎಂದು ತೀರ್ಮಾನವಾಗಿತ್ತು. ಮುಂದಿನ ತಿಂಗಳು ಕಂಬಗಳೆಲ್ಲ ಹತ್ತಿಕೊಂಡವು. ಬೆಳ್ಳಗೆ, ಹಗಲಿನ ಹಾಗೆ. ಮಗಳ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ. ಅವಳು ಓಡುವುದನ್ನು ಬಿಟ್ಟಳು.

ಈ ವರ್ಷ ಕಾರ್ತಿಕದಲ್ಲಿ ಮನೆಯೊಳಗೇ ಒಂದು ದೀಪ ಹಚ್ಚಿ ಸುಮ್ಮನಿದ್ದೆ. ಮಗಳು ತಾನಾಗಿ ಅಟ್ಟ ಹತ್ತಿ, ಉಳಿದಿದ್ದ ಬಾಟಲಿಗಳನ್ನು ತಂದಳು. ಎಣ್ಣೆ ಹಾಕಿ, ಬತ್ತಿ ಹಚ್ಚಿ, ಮನೆ ಮುಂದಿನ ಡ್ರೈವ್‌ವೇಗೆ ಹೋಗಿ ನಿಂತಳು. ಉರಿಯುವ ದೀಪ ಎಡಗೈಯಲ್ಲಿತ್ತು. ನನ್ನನ್ನೇ ನೋಡುತ್ತ ಕೈ ಬಿಟ್ಟಳು. ಗಾಜು ಚೂರಾಗಿ, ಕಾಂಕ್ರೀಟಿನ ಮೇಲೆ ಎಣ್ಣೆ ಹರಿದು ಹೊತ್ತಿಕೊಂಡಿತು. ಒಳಗಿನಿಂದ ಗಂಡ "ಏನದು, ಏನದು?" ಎಂದು ಕೂಗಿದ.

ನಾನು ಇನ್ನೊಂದು ಬಾಟಲಿಗೆ ಬತ್ತಿ ಹಚ್ಚಿ ಅವಳ ಕೈಗೆ ಕೊಟ್ಟೆ.

"ತಗೋ, ಇದನ್ನೂ ಬಿಸಾಕು."